ನಿಕಾಹ್‌ನ ತಾರೀಕು, ಗ್ರೀನ್ ಕಾರ್ಡ್‌ನ ತಾರೀಕು

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಪತಿಯ ವಿದೇಶವಾಸವು ನಮ್ಮ ಕರಾವಳಿಯ ಮನೆಗಳಿಗೆ ಹೊಸತಲ್ಲ. ಗಲ್ಫ್‌ನೊಂದಿಗಿನ ದಶಕಗಳ ನಂಟು ನಮಗೊಂದು ರೂಢಿಯನ್ನು ಕಲಿಸಿದೆ. ಸಂಬಳ ಕಡಿಮೆಯಿದ್ದರೆ ಫ್ಯಾಮಿಲಿ ವೀಸಾ ಸಿಗದು. ಆದರೆ ವಿಸಿಟ್ ವೀಸಾದಲ್ಲಿ ಪತ್ನಿ ಮಕ್ಕಳನ್ನು ಒಂದೆರಡು ತಿಂಗಳ ಮಟ್ಟಿಗೆ ಕರೆಸಿಕೊಳ್ಳಬಹುದು, ಶಾಲೆಯ ರಜೆ ಮುಗಿಯುವಾಗ ಕಳುಹಿಸಬಹುದು. ಈ ರೂಢಿಯನ್ನೇ ಅಮೇರಿಕಕ್ಕೂ ಅನ್ವಯಿಸಿಕೊಂಡು ನಮ್ಮಲ್ಲಿ ಮದುವೆಗಳು ನಿಶ್ಚಯವಾಗುತ್ತಿವೆ. “ಕಾಗದಪತ್ರ ಆಗುವವರೆಗೆ ವಿಸಿಟ್‌ನಲ್ಲಿ ಹೋಗಿ ಬರಲಿ” ಎಂದು ಹಿರಿಯರು ಬಹಳ ಸಲೀಸಾಗಿ ಹೇಳಿಬಿಡುತ್ತಾರೆ. ಆ ಮಾತಿನ ಬೆಲೆಯನ್ನು ತೆರುವವಳು ಮಾತ್ರ ಮದುಮಗಳು.

ಮೊದಲಿಗೆ ಒಂದು ವೈಚಿತ್ರ್ಯವನ್ನು ಗಮನಿಸಿ. ಎಚ್-1ಬಿ ವೀಸಾದಲ್ಲಿ ತಾತ್ಕಾಲಿಕ ಕೆಲಸಕ್ಕೆಂದು ಹೋದ ಯುವಕನು ಮದುವೆಯಾದರೆ, ಅವನ ಪತ್ನಿಯು ಎಚ್-4 ವೀಸಾಕ್ಕೆ ಅರ್ಜಿ ಹಾಕಿ ಅವನನ್ನು ಸೇರಿಕೊಳ್ಳಬಹುದು. ಆದರೆ ಗ್ರೀನ್ ಕಾರ್ಡ್ ಪಡೆದು ಖಾಯಂ ನಿವಾಸಿಯಾದ ಯುವಕನು ಅನಂತರ ಮದುವೆಯಾದರೆ, ಅವನ ಪತ್ನಿಗೆ ಆ ದಾರಿಯಿಲ್ಲ. ಅವಳ ಹೆಸರಿನಲ್ಲಿ ಆತ ಅರ್ಜಿ ಸಲ್ಲಿಸಬೇಕು, ಅವಳು ಎಫ್-2ಎ ಎಂಬ ಸರದಿಯಲ್ಲಿ ನಿಲ್ಲಬೇಕು. ಆ ಸರದಿಗೆ ವಾರ್ಷಿಕ ಮಿತಿಯಿದೆ. 2000ದ ದಶಕದ ನಡುವಿನಲ್ಲಿ ಅದು ಐದು ವರ್ಷಗಳ ಆಸುಪಾಸಿನಲ್ಲಿತ್ತು. 2019ರ ಜುಲೈಯಲ್ಲಿ ಸರದಿಯೇ ಇಲ್ಲವೆಂಬ ಸ್ಥಿತಿ ಬಂತು. 2023ರ ಏಪ್ರಿಲ್‌ನಲ್ಲಿ ಅದು ಮತ್ತೆ ಹಿಂದಕ್ಕೆ ಸರಿಯಿತು. ಇಂತಿಷ್ಟೇ ಕಾಲ ಎಂದು ಯಾರೂ ಮುಚ್ಚಳಿಕೆ ಬರೆದುಕೊಡಲಾರರು. ಆದರೆ ನಮ್ಮ ಮದುವೆಯ ಮಾರುಕಟ್ಟೆಯಲ್ಲಿ (ಈ ಶಬ್ದಕ್ಕಾಗಿ ಕ್ಷಮೆಯಿರಲಿ, ಬೇರೆ ಶಬ್ದ ಹೊಳೆಯುತ್ತಿಲ್ಲ) “ಗ್ರೀನ್ ಕಾರ್ಡ್ ಹುಡುಗ”ನಿಗೇ ಮೇಲಿನ ಸ್ಥಾನ!

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಅಂಶವಿದೆ. ಉದ್ಯೋಗದ ಆಧಾರದಲ್ಲಿ ಗ್ರೀನ್ ಕಾರ್ಡ್ ಪಡೆಯುವವನು ಅದು ಕೈಸೇರುವ ಮೊದಲೇ ವಿವಾಹಿತನಾಗಿದ್ದರೆ, ಪತ್ನಿಗೆ ಪ್ರತ್ಯೇಕ ಸರದಿಯ ಅಗತ್ಯವಿಲ್ಲ; ಪತಿಯ ಸರದಿಯೇ ಅವಳದೂ ಆಗುತ್ತದೆ. ಆತ ಮೊದಲು ಹೋಗಿ ಅವಳು ಹಿಂದಿನಿಂದ ಹೋದರೂ ಸರಿ. ಅಂದರೆ ಕಾರ್ಡ್ ಮಂಜೂರಾಗುವ ಮುನ್ನಾದಿನ ನಡೆದ ನಿಕಾಹ್‌ಗೂ ಮರುದಿನ ನಡೆದ ನಿಕಾಹ್‌ಗೂ ನಡುವೆ ಒಬ್ಬ ಹೆಣ್ಣುಮಗಳ ಬದುಕಿನ ಹಲವು ವರ್ಷಗಳ ಅಂತರವಿದೆ. ಸಭಾಂಗಣ ಯಾವ ದಿನ ಖಾಲಿಯಿದೆ, ಯಾವ ನೆಂಟರಿಗೆ ಯಾವಾಗ ರಜೆ ಎಂದು ನೋಡಿ ನಾವು ತಾರೀಕು ಗೊತ್ತುಪಡಿಸುತ್ತೇವೆ. ವರನ ಅರ್ಜಿ ಯಾವ ಹಂತದಲ್ಲಿದೆ ಎಂದು ವಧುವಿನ ವಲೀ ಕೇಳಿದ್ದನ್ನು ನೀವೆಷ್ಟು ಮಂದಿ ನೋಡಿದ್ದೀರಿ?

ಇನ್ನು ಭೇಟಿಯ ವಿಷಯ. ಅಮೇರಿಕದ ವಲಸೆ ಕಾನೂನಿನ 214(ಬಿ) ಕಲಮಿನ ಪ್ರಕಾರ, ಸಂದರ್ಶಕ ವೀಸಾ ಕೇಳುವ ಪ್ರತಿಯೊಬ್ಬನೂ ಅಲ್ಲಿ ನೆಲೆಸಲಿಕ್ಕೇ ಬರುವವನೆಂದು ಅಧಿಕಾರಿಯು ಮೊದಲು ಭಾವಿಸಬೇಕು. ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ಅರ್ಜಿದಾರನದು. ಸಾಮಾನ್ಯ ಪ್ರವಾಸಿಯು ಮನೆ, ಕೆಲಸ, ಕುಟುಂಬ ಇಲ್ಲಿದೆ ಎಂದು ತೋರಿಸಬಲ್ಲ. ಆದರೆ ಪತಿ ಅಲ್ಲಿದ್ದಾನೆ, ಅವಳು ಅಲ್ಲಿ ನೆಲೆಸಲು ಬಯಸುತ್ತಾಳೆಂದು ಅವನೇ ಲಿಖಿತ ಅರ್ಜಿ ಕೊಟ್ಟಿದ್ದಾನೆ. ಅವಳ ನಿಕಾಹ್‌ನಾಮೆಯೇ ಅವಳ ವಿರುದ್ಧದ ಸಾಕ್ಷ್ಯ! ಇಂತಹ ವೀಸಾ ಸಿಗುವುದೇ ಇಲ್ಲವೆಂದಲ್ಲ. ಇಲ್ಲಿ ಸ್ಥಿರ ಉದ್ಯೋಗವೋ ಮುಗಿಯಬೇಕಾದ ವ್ಯಾಸಂಗವೋ ಇರುವವರಿಗೆ, ಮರಳಿ ಬರುವರೆಂದು ಅಧಿಕಾರಿಗೆ ಮನವರಿಕೆಯಾದರೆ ಸಿಕ್ಕೀತು. ಆದರೆ ಅದನ್ನು ನಂಬಿ ಮದುವೆ ನಿಶ್ಚಯಿಸುವುದು ಮೋಡ ನೋಡಿ ಕೊಡದ ನೀರು ಚೆಲ್ಲಿದಂತೆ. ಸಂದರ್ಶನಕ್ಕೇ ಕಾಯಬೇಕಾದ ಕಾಲವೂ ಕೆಲವೊಮ್ಮೆ ದೀರ್ಘ. 2022ರಲ್ಲಿ ಭಾರತದ ಹಲವು ಕೇಂದ್ರಗಳಲ್ಲಿ ಅದು 500 ದಿನಗಳನ್ನೂ ಮೀರಿತ್ತು.

ಇಂತಹ ಹೊತ್ತಿನಲ್ಲಿ ಏಜೆಂಟರ ಉಪದೇಶ ಆರಂಭವಾಗುತ್ತದೆ. ಅವಿವಾಹಿತೆ ಎಂದು ಬರೆಯಿರಿ, ಪತಿಯ ಅರ್ಜಿಯ ವಿಷಯ ಎತ್ತಬೇಡಿ ಎಂದು. ಸಹೋದರಿಯರೇ, ವಲಸೆಗಾಗಿ ನಿಮ್ಮ ಪರವಾಗಿ ಯಾರಾದರೂ ಅರ್ಜಿ ಸಲ್ಲಿಸಿದ್ದಾರೆಯೇ ಎಂಬ ಪ್ರಶ್ನೆ ವೀಸಾ ಫಾರಮಿನಲ್ಲಿಯೇ ಇದೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಪ್ರವೇಶಕ್ಕೆ ಆಜೀವ ನಿಷೇಧ ಬೀಳಬಹುದು. ಹೋದವರು ಅವಧಿ ಮುಗಿದರೂ ಉಳಿದುಬಿಟ್ಟರೆ, 1996ರ ಕಾನೂನಿನಂತೆ, 180 ದಿನಗಳಿಗಿಂತ ಹೆಚ್ಚು ಉಳಿದು ಹೊರಬಂದವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಮೇಲ್ಪಟ್ಟು ಉಳಿದವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ. ಏಜೆಂಟನು ಆಗ ತನ್ನ ಫೋನ್ ನಂಬರ್ ಬದಲಿಸಿರುತ್ತಾನೆ.

ಹಾಗಾದರೆ ಪತಿಯೇ ಬರಲಿ ಎನ್ನುವಿರಿ. ಬರಬೇಕು, ಅದೇ ಸರಿಯಾದ ದಾರಿ. ಆದರೆ ಅವನ ಕಾಲಿಗೂ ಹಗ್ಗವಿದೆ. ಸಾಮಾನ್ಯವಾಗಿ ಐದು ವರ್ಷ ಖಾಯಂ ನಿವಾಸಿಯಾಗಿದ್ದರೆ ಆತ ಪೌರತ್ವಕ್ಕೆ ಅರ್ಜಿ ಹಾಕಬಹುದು. ಪೌರನಾದೊಡನೆ ಪತ್ನಿಯು ವಾರ್ಷಿಕ ಮಿತಿಯಿಂದ ಹೊರಬರುತ್ತಾಳೆ. ಆದರೆ ಒಂದೇ ಸಲ ಆರು ತಿಂಗಳಿಗಿಂತ ಹೆಚ್ಚು ಊರಿನಲ್ಲಿದ್ದರೆ ನಿರಂತರ ವಾಸದ ಲೆಕ್ಕಕ್ಕೆ ಧಕ್ಕೆ ಬರಬಹುದು. ಮುಂಗಡ ಅನುಮತಿಯಿಲ್ಲದೆ ವರ್ಷ ದಾಟಿದರೆ ಕಾರ್ಡೇ ಅಪಾಯಕ್ಕೆ ಸಿಲುಕುತ್ತದೆ. ಪತ್ನಿಯ ಬಳಿ ಹೆಚ್ಚು ಕಾಲ ನಿಂತರೆ ಅವಳು ಕಾಯಬೇಕಾದ ಕಾಲವೇ ಹೆಚ್ಚಾಗಬಹುದು. ಆದ್ದರಿಂದ ವರ್ಷಕ್ಕೊಮ್ಮೆ ದೀರ್ಘಕಾಲ ಬರುವುದಕ್ಕಿಂತ ಎರಡು ಸಲ ಕೆಲವು ವಾರ ಬರುವುದು ಲೇಸು. ಟಿಕೆಟಿನ ಹಣಕ್ಕೆ ಕೈ ಹಿಡಿಯುವವರು ವಲೀಮಕ್ಕೆ ಎಷ್ಟು ಖರ್ಚು ಮಾಡಿದ್ದರೆಂದು ಒಮ್ಮೆ ನೆನೆಯಲಿ.

ಖಲೀಫ ಉಮರ್(ರ)ರು ಪತಿಯ ಅಗಲಿಕೆಯಲ್ಲಿ ನೊಂದ ಸ್ತ್ರೀಯೊಬ್ಬಳ ಸ್ವರವನ್ನು ಕೇಳಿ, ಸ್ತ್ರೀಯು ಎಷ್ಟು ಕಾಲ ಸಹಿಸಬಲ್ಲಳೆಂದು ಮಗಳು ಹಫ್ಸಾ(ರ)ರಲ್ಲಿ ವಿಚಾರಿಸಿ, ಸೈನಿಕರ ಅಗಲಿಕೆಗೆ ಮಿತಿ ಹಾಕಿದ ಪ್ರಸಂಗ ನಿಮಗೆಲ್ಲ ತಿಳಿದದ್ದೇ. ಆ ಮಿತಿ ನಾಲ್ಕು ತಿಂಗಳೆಂದೂ ಆರು ತಿಂಗಳೆಂದೂ ವರದಿಗಳಿವೆ. ಇಲ್ಲಿ ನನ್ನ ಗಮನ ಸೆಳೆಯುವುದು ತಿಂಗಳ ಎಣಿಕೆಯಲ್ಲ. ರಾಜ್ಯದ ಅಧಿಪತಿಯು ಪ್ರಶ್ನೆಯನ್ನು ಹೆಣ್ಣಿನಲ್ಲಿ ಕೇಳಿದರು.

ಈ ಅಗಲಿಕೆಯ ಕ್ರೌರ್ಯವು ಅಮೇರಿಕದವರಿಗೆ ತಿಳಿಯದ್ದೇನಲ್ಲ. 2000ದ ಡಿಸೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಲೈಫ್ ಆ್ಯಕ್ಟ್ ಎಂಬ ಕಾನೂನನ್ನು ಮಾಡಿ, ಮೂರು ವರ್ಷಕ್ಕೂ ಮೀರಿ ಕಾದ ಖಾಯಂ ನಿವಾಸಿಗಳ ಪತಿ ಪತ್ನಿಯರು ಅಲ್ಲಿಗೇ ಬಂದು ಜೊತೆಯಾಗಿ ಕಾಯಲು ವಿ ವೀಸಾ ನೀಡಿತು. ಆದರೆ ಅದು 2000ದ ಡಿಸೆಂಬರ್ 21ರೊಳಗೆ ಸಲ್ಲಿಸಿದ ಅರ್ಜಿಗಳಿಗೆ ಮಾತ್ರ ಎಂದು ಬೇಲಿ ಹಾಕಿತು. ಅನಂತರದವರು ಹೊರಗುಳಿದರು.

ಪೌರರ ಸ್ಥಿತಿಯೂ ನಿಶ್ಚಿಂತವಲ್ಲ. ಅಫ್ಘಾನ್ ಮೂಲದ ಅಮೇರಿಕನ್ ಪೌರಳಾದ ಫೌಝಿಯಾ ದೀನ್ ತನ್ನ ಪತಿಗೆ ವೀಸಾ ನಿರಾಕರಿಸಿದ್ದಕ್ಕೆ ವಿವರವಾದ ಕಾರಣ ಕೇಳಿ ಸುಪ್ರೀಂ ಕೋರ್ಟ್‌ವರೆಗೂ ಹೋದಳು. 2015ರಲ್ಲಿ 5-4ರ ಅಂತರದಲ್ಲಿ ಸೋತಳು. 2024ರ ಜೂನ್‌ನಲ್ಲಿ ಇನ್ನೊಂದು ಪ್ರಕರಣದಲ್ಲಿ, ವಿದೇಶಿ ಸಂಗಾತಿಯನ್ನು ದೇಶದೊಳಗೆ ಸೇರಿಸಿಕೊಳ್ಳುವುದು ಪೌರನ ಮೂಲಭೂತ ಹಕ್ಕಲ್ಲವೆಂದು ಅದೇ ಕೋರ್ಟ್ ಸ್ಪಷ್ಟವಾಗಿಯೇ ಹೇಳಿತು. ಕುಟುಂಬ ಮೌಲ್ಯಗಳ ಬಗ್ಗೆ ಜಗತ್ತಿಗೆ ಪಾಠ ಹೇಳುವ ದೇಶವಿದು!

2017ರಲ್ಲಿ ಟ್ರಂಪ್ ಸರಕಾರವು ಹಲವು ಮುಸ್ಲಿಮ್ ರಾಷ್ಟ್ರಗಳ ಜನರಿಗೆ ಪ್ರವೇಶ ನಿಷೇಧಿಸಿದಾಗ ಭೇಟಿಗೆ ಎಂಥ ಜಾಗಗಳನ್ನು ಹುಡುಕಬೇಕಾಯಿತು ಗೊತ್ತೇ? ಅಮೇರಿಕದ ವರ್ಮೊಂಟ್ ಮತ್ತು ಕೆನಡಾದ ಕ್ವಿಬೆಕ್‌ಗಳ ಗಡಿಯ ಮೇಲೆಯೇ ಹ್ಯಾಸ್ಕೆಲ್ ಗ್ರಂಥಾಲಯವೆಂಬ ಕಟ್ಟಡವಿದೆ. ಅದರ ನೆಲದಲ್ಲಿ ಗಡಿಯನ್ನು ಸೂಚಿಸುವ ಕಪ್ಪು ಗೆರೆಯಿದೆ. ಅಮೇರಿಕದಲ್ಲಿದ್ದ ಇರಾನಿಗಳು ಒಂದು ಕಡೆಯಿಂದ, ಕೆನಡಾದ ಮೂಲಕ ಬಂದ ಅವರ ಮನೆಯವರು ಇನ್ನೊಂದು ಕಡೆಯಿಂದ ಬಂದು, ಪುಸ್ತಕಗಳ ನಡುವೆ ಕೆಲವು ಗಂಟೆ ಅಪ್ಪಿಕೊಂಡು, ಊಟ ಹಂಚಿಕೊಂಡು ಬೇರ್ಪಡುತ್ತಿದ್ದರು. ಕೊನೆಗೆ ಇಂತಹ ಭೇಟಿಗೆ ಅವಕಾಶವಿಲ್ಲವೆಂದು ಅಲ್ಲಿಯೂ ಸೂಚನೆ ಹಚ್ಚಲಾಯಿತು. ಆ ನಿಷೇಧವನ್ನು 2021ರ ಜನವರಿಯಲ್ಲಿ ಬೈಡನ್ ರದ್ದುಗೊಳಿಸಿದರು. 2025ರ ಜೂನ್‌ನಲ್ಲಿ ಅದು ಹೊಸ ಪಟ್ಟಿಯೊಂದಿಗೆ ಮರಳಿತು.

ಭಾರತೀಯರಾದ ನಮಗೆ ಅಷ್ಟು ಇಕ್ಕಟ್ಟಿಲ್ಲ. ಮೂರನೆಯ ದೇಶದಲ್ಲಿ, ಉದಾಹರಣೆಗೆ ದುಬೈಯಲ್ಲಿ, ದಂಪತಿ ಕೆಲವು ದಿನ ಜೊತೆಗಿರಬಹುದು. ಈ ಭೇಟಿಗಳ ದಾಖಲೆಗಳನ್ನು ಜೋಪಾನವಾಗಿ ಇಡಿ. ಮದುವೆ ನಿಜವಾದದ್ದೆಂದು ತೋರಿಸಲು ಮುಂದೆ ಅವು ಬೇಕಾಗುತ್ತವೆ. ಮದುವೆಯನ್ನು ಮಸೀದಿಯ ದಫ್ತರಿನಲ್ಲಿ ಬರೆಸಿದರೆ ಸಾಲದು, ಸರಕಾರಿ ನೋಂದಣಿಯನ್ನೂ ವಾರದೊಳಗೆ ಮಾಡಿಸಿ. ಕಾಯುವ ಕಾಲದಲ್ಲಿ ಅವಳ ಓದು, ಕೆಲಸ ನಿಲ್ಲದಿರಲಿ. “ನಾಳೆ ಹೋಗುವವಳಿಗೆ ಕೆಲಸವೇಕೆ” ಎಂದು ಅತ್ತೆಯ ಮನೆಯಲ್ಲಿ ಕೂರಿಸುವವರಿಗೆ, ಆ ಕೆಲಸವೇ ಅವಳ ಸಂದರ್ಶಕ ವೀಸಾದ ಆಧಾರವಾಗಬಲ್ಲದೆಂಬ ಅರಿವಿಲ್ಲ.

ಜಮಾಅತ್‌ನ ಹೊಣೆಗಾರರಲ್ಲಿ ಒಂದು ಕೋರಿಕೆಯಿದೆ. ವರನು ವಿದೇಶದಲ್ಲಿದ್ದರೆ, ಅವನ ವೀಸಾ ಯಾವುದು, ಅರ್ಜಿ ಯಾವ ಹಂತದಲ್ಲಿದೆ, ವಧು ಯಾವಾಗ ಹೋಗಬಲ್ಲಳು, ಅದುವರೆಗೆ ಆತ ಎಷ್ಟು ಸಲ ಬರುವನು ಎಂಬುದನ್ನು ನಿಶ್ಚಿತಾರ್ಥಕ್ಕೆ ಮುಂಚೆಯೇ ಬರೆಸಿ, ವಧುವಿನ ಕೈಗೇ ಕೊಡಿ. ಮಹ್ರ್‌ನಂತೆಯೇ ಇದನ್ನೂ ಅವಳು ಓದಿ ಒಪ್ಪಲಿ, ಇಲ್ಲವೇ ಒಪ್ಪದಿರಲಿ.

ಪ್ರಶ್ನೆಗಳಿಗೆ ಅರ್ಧ ಗಂಟೆ ಮೀಸಲಿದೆ. ನಿಕಾಹ್‌ನ ತಾರೀಕು ಇನ್ನೂ ಗೊತ್ತಾಗದವರು ಮೊದಲು ಕೇಳಿ.