ನಿರ್ನಾಲದಲ್ಲಿ ಬಿತ್ತಿ, ಕೆಡ್ಡಸಕ್ಕೆ ಮೊದಲು ಕೊಯ್ಯಿ

ಗುರುವಾಯನಕೆರೆಯ ತರಕಾರಿ ಅಂಗಡಿಗಳಲ್ಲಿ ಈಗ ಬ್ರೊಕೋಲಿ, ಕ್ಯಾರೆಟ್, ಬೀಟ್ರೂಟ್ ಧಾರಾಳವಾಗಿ ಕಾಣುತ್ತವೆ. ಇವೆಲ್ಲ ಘಟ್ಟದ ಮೇಲಿನಿಂದ ಇಳಿದು ಬರುವ ತರಕಾರಿಗಳು. ಮನೆಯ ಹಿತ್ತಿಲಲ್ಲಿ ಇವನ್ನು ಬೆಳೆಯಬಹುದೇ ಎಂದು ಕೇಳಿದರೆ, ‘ನಮ್ಮದು ಸೆಕೆಯ ಊರು, ಇಲ್ಲಿ ಅವೆಲ್ಲ ಆಗುವುದಿಲ್ಲ’ ಎಂಬ ಉತ್ತರ ಬರುತ್ತದೆ. ವರ್ಷದ ಒಂಬತ್ತು ತಿಂಗಳ ಮಟ್ಟಿಗೆ ಆ ಉತ್ತರ ಸರಿ. ಉಳಿದ ಮೂರು ತಿಂಗಳಲ್ಲಿ ನಮ್ಮ ಹಿತ್ತಿಲು ಇವನ್ನು ಬೆಳೆಸಬಲ್ಲದು. ಆ ಮೂರು ತಿಂಗಳನ್ನು ಗುರುತಿಸಿ ಹಿಡಿಯುವುದು ಹೇಗೆ, ಮಿಕ್ಕ ಕಾಲದಲ್ಲಿ ನಮ್ಮದೇ ಗಡ್ಡೆ ಗೆಣಸುಗಳನ್ನು ಎಲ್ಲಿ ಕೂರಿಸುವುದು ಎಂಬುದೇ ಇಂದಿನ ಮಾತು.

ಮೊದಲು ಬ್ರೊಕೋಲಿ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೋಲಿ ಇವೆಲ್ಲ ಒಂದೇ ಸಸ್ಯಜಾತಿಯ ಬೇರೆ ಬೇರೆ ರೂಪಗಳು. ಎಲೆಕೋಸಿನಲ್ಲಿ ನಾವು ಎಲೆಯ ಮೊಗ್ಗನ್ನು ತಿನ್ನುತ್ತೇವೆ, ನವಿಲುಕೋಸಿನಲ್ಲಿ ಉಬ್ಬಿದ ಕಾಂಡವನ್ನು. ಬ್ರೊಕೋಲಿಯಲ್ಲಿ ತಿನ್ನುವುದು ಇನ್ನೂ ಅರಳದ ಸಾವಿರಾರು ಹೂಮೊಗ್ಗುಗಳ ಗೊಂಚಲನ್ನು. ಗಿಡ ಈ ಮೊಗ್ಗು ಕಟ್ಟಬೇಕಾದರೆ ಅದಕ್ಕೆ ತಂಪಿನ ಸೂಚನೆ ಸಿಗಬೇಕು. 15ರಿಂದ 20 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಬಹಳ ಹಿತ. 25 ಡಿಗ್ರಿ ದಾಟಿದ ಸೆಕೆ ಹಗಲೂ ರಾತ್ರಿಯೂ ಮುಂದುವರಿದರೆ ಗೊಂಚಲು ಬಿಗಿಯಾಗುವುದಿಲ್ಲ, ನಡುನಡುವೆ ಸಣ್ಣ ಎಲೆಗಳು ಇಣುಕುತ್ತವೆ, ಮೊಗ್ಗುಗಳು ಒಂದೊಂದು ಗಾತ್ರಕ್ಕೆ ಬೆಳೆದು ಬೇಗನೆ ಹಳದಿ ಹೂವಾಗಿಬಿಡುತ್ತವೆ.

ನಮ್ಮಲ್ಲಿ ಡಿಸೆಂಬರ್, ಜನವರಿಯಲ್ಲೂ ಮಧ್ಯಾಹ್ನದ ಬಿಸಿಲು 30 ಡಿಗ್ರಿ ದಾಟುತ್ತದೆ. ಹಾಗಾದರೆ ತಂಪು ಎಲ್ಲಿಂದ? ರಾತ್ರಿಯಿಂದ. ಮಂಗಳೂರಿನ ಕಡಲ ಬದಿಯಲ್ಲಿ ನೀರಿನ ಶಾಖದಿಂದಾಗಿ ರಾತ್ರಿಯೂ ಬೆಚ್ಚಗಿರುತ್ತದೆ. ಬಂಟ್ವಾಳ ದಾಟಿ ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ ಎಂದು ಕುದುರೆಮುಖದ ಬೆಟ್ಟಸಾಲಿನ ಕಡೆಗೆ ಬಂದಂತೆ ಕಡಲಿನ ಪ್ರಭಾವ ಕಡಿಮೆಯಾಗುತ್ತದೆ. ಬೆಳಗಿನ ಜಾವ ಮಂಜು ಬೀಳುತ್ತದೆ. ಈ ಕೆಲವು ವಾರಗಳ ತಂಪು ರಾತ್ರಿಗಳೇ ನಮ್ಮ ಬ್ರೊಕೋಲಿಯ ಬಂಡವಾಳ. ಗಿಡ ಮೊಗ್ಗು ಕಟ್ಟುವ ಹೊತ್ತು ಆ ವಾರಗಳಿಗೆ ಸರಿಯಾಗಿ ಕೂಡಿಬರುವಂತೆ ಬಿತ್ತನೆಯ ದಿನವನ್ನು ಹಿಂದಕ್ಕೆ ಎಣಿಸಬೇಕು.

ಈ ಲೆಕ್ಕಕ್ಕೆ ತುಳು ತಿಂಗಳುಗಳು ಬಹಳ ಅನುಕೂಲ. ನಿರ್ನಾಲ ತಿಂಗಳಲ್ಲಿ, ಎಂದರೆ ಸೆಪ್ಟೆಂಬರ್ ಕೊನೆಯ ವಾರದ ಹೊತ್ತಿಗೆ, ಬೀಜ ಹಾಕಬೇಕು. ಬೊಂತೆಲ್ ತಿಂಗಳಲ್ಲಿ, ಅಕ್ಟೋಬರ್ ಕೊನೆಗೆ, ಸಸಿ ಕಿತ್ತು ನೆಡಬೇಕು. ಜಾರ್ದೆಯಲ್ಲಿ ಗಿಡ ಎಲೆ ಬಿಟ್ಟು ಬಲಿಯುತ್ತದೆ. ಪೆರಾರ್ದೆಯಲ್ಲಿ, ಡಿಸೆಂಬರ್ ನಡುವಿನಿಂದ ಜನವರಿ ನಡುವಿನ ತನಕ, ಗೊಂಚಲು ಕೊಯ್ಲಿಗೆ ಬರುತ್ತದೆ. ಫೆಬ್ರವರಿ ಎರಡನೇ ವಾರದ ಹೊತ್ತಿಗೆ ನಾವು ಕೆಡ್ಡಸ ಆಚರಿಸುತ್ತೇವೆ, ಭೂಮಿತಾಯಿಗೆ ವಿಶ್ರಾಂತಿ ಎಂದು ಮಣ್ಣು ಅಗೆಯುವುದಿಲ್ಲ. ಕೋಸಿನ ಜಾತಿಯ ಬೆಳೆಗಳೆಲ್ಲ ಆ ಹೊತ್ತಿಗೆ ಮುಗಿದಿರಬೇಕು ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. ನವೆಂಬರ್ ಕೊನೆಗೆ ಬೀಜ ಹಾಕಿದವರ ಗಿಡ ಸೊಂಪಾಗಿಯೇ ಬೆಳೆಯುತ್ತದೆ, ಆದರೆ ಮೊಗ್ಗು ಕಟ್ಟುವ ಹೊತ್ತಿಗೆ ಮಾಯಿ ತಿಂಗಳ ಬಿಸಿಲು ಬಂದಿರುತ್ತದೆ. ಆಗಸ್ಟಿನಲ್ಲೇ ಹಾಕಿದರೆ ಸೋಣದ ಮಳೆಗೆ ಸಸಿಯ ಬುಡ ಕೊಳೆಯುತ್ತದೆ.

ಯಾವ ತಳಿ? ಕುಲು ಕಣಿವೆಯ ಕಟ್ರೈನ್ ಕೇಂದ್ರದಿಂದ ಬಂದ ‘ಪೂಸಾ ಕೆಟಿಎಸ್-1’ ಹೆಸರಾದ ಬ್ರೊಕೋಲಿ, ಆದರೆ ಅದಕ್ಕೆ ಉದ್ದನೆಯ ಚಳಿಗಾಲ ಬೇಕು. ನಮಗೆ ಬೇಕಾದದ್ದು ನೆಟ್ಟು 60-70 ದಿನಗಳಲ್ಲಿ ಬರುವ, ಸೆಕೆ ತಾಳುವ ಹೈಬ್ರಿಡ್ ತಳಿ. ಬೀಜದ ಪೊಟ್ಟಣದಲ್ಲಿ ದಿನಗಳ ಲೆಕ್ಕ ನೋಡಿಯೇ ಕೊಳ್ಳಿ. ಮೊದಲ ಸಲ ಕೈಹಾಕುವವರು ಬ್ರೊಕೋಲಿಯ ಜೊತೆ ನಾಲ್ಕು ಹೂಕೋಸನ್ನೂ ನೆಡಿ. ಹೂಕೋಸಿನ ಬೀಜ ಭಾರತಕ್ಕೆ ಬಂದದ್ದು 1822ರಲ್ಲಿ, ಸಹಾರನ್‌ಪುರದ ಕಂಪನಿ ತೋಟಕ್ಕೆ. ಅಲ್ಲಿಂದೀಚೆಗೆ ಉತ್ತರದ ರೈತರು ಸೆಕೆಯಲ್ಲೂ ಹೂ ಕಟ್ಟಿದ ಗಿಡಗಳಿಂದಲೇ ಬೀಜ ಆರಿಸುತ್ತಾ ಬಂದರು. ಹಾಗಾಗಿ ‘ಪೂಸಾ ಮೇಘನಾ’ದಂತಹ ತಳಿಗಳು 20-25 ಡಿಗ್ರಿಯಲ್ಲೂ ಹೂ ಕೊಡುತ್ತವೆ. ಬ್ರೊಕೋಲಿಗೆ ನಮ್ಮ ದೇಶದಲ್ಲಿ ಅಷ್ಟು ದೀರ್ಘ ಪಳಗಿಸುವಿಕೆ ಇನ್ನೂ ಆಗಿಲ್ಲ.

ಇನ್ನು ಮಣ್ಣು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಮುರಕಲ್ಲಿನ ಈ ಕೆಂಪು ಮಣ್ಣಿನಿಂದ ಸುಣ್ಣದ ಅಂಶ, ಬೋರಾನ್ ಎಲ್ಲ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಕೋಸಿನ ಜಾತಿಗೆ ಹುಳಿಮಣ್ಣು ಆಗದು. ಬೇರು ಗಂಟುಕಟ್ಟುವ ರೋಗ ಅಂಥ ಮಣ್ಣಿನಲ್ಲೇ ಹೆಚ್ಚು. ಮಳೆ ಬಿಟ್ಟ ಕೂಡಲೇ, ನೆಡುವುದಕ್ಕೆ ಎರಡು ವಾರ ಮೊದಲು, ಒಂದು ಸೆಂಟ್ಸ್ ಜಾಗಕ್ಕೆ ಎರಡು-ಮೂರು ಕಿಲೋ ಕೃಷಿ ಸುಣ್ಣ ಹರಡಿ ಮಣ್ಣಿಗೆ ಬೆರೆಸಿ. ಸುಣ್ಣವನ್ನೂ ಹಟ್ಟಿಗೊಬ್ಬರವನ್ನೂ ಒಂದೇ ದಿನ ಹಾಕಬೇಡಿ, ಗೊಬ್ಬರದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಬೋರಾನ್ ಕೊರತೆ ಇದ್ದರೆ ಬ್ರೊಕೋಲಿಯ ದಂಟು ಒಳಗೆ ಟೊಳ್ಳಾಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಬೀಟ್ರೂಟಿನ ನಡುವೆ ಕಪ್ಪು ಕಲೆ ಬೀಳುತ್ತದೆ. ಅದಕ್ಕೆ ಒಂದು ಸೆಂಟ್ಸ್‌ಗೆ 40-50 ಗ್ರಾಂ ಬೋರಾಕ್ಸ್ ಸಾಕು. ಹೆಚ್ಚಾದರೆ ಅದೇ ಗಿಡಕ್ಕೆ ವಿಷ, ಆದ್ದರಿಂದ ತೂಗಿಯೇ ಹಾಕಿ. ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಮಣ್ಣು ಪರೀಕ್ಷೆ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು.

ನಮ್ಮ ಹಿರಿಯರು ತರಕಾರಿ ಸಾಲಿಗೆ ಸುಡುಮಣ್ಣು ಹಾಕುತ್ತಿದ್ದರು. ತರಗೆಲೆ, ಕಸಕಡ್ಡಿಯ ಮೇಲೆ ಮಣ್ಣು ಮುಚ್ಚಿ ನಿಧಾನವಾಗಿ ಸುಟ್ಟು ಮಾಡುವ ಆ ಮಣ್ಣಿನಲ್ಲಿ ಬೂದಿಯ ಪೊಟ್ಯಾಷ್ ಇರುತ್ತದೆ, ಕಳೆಬೀಜ ಸತ್ತಿರುತ್ತದೆ, ಮಣ್ಣಿನ ಹುಳಿಯೂ ಸ್ವಲ್ಪ ತಗ್ಗಿರುತ್ತದೆ. ಸಸಿ ಎಬ್ಬಿಸುವ ಮಡಿಗೆ ಇದರಷ್ಟು ಹದವಾದದ್ದು ಬೇರೆ ಸಿಗುವುದು ಕಷ್ಟ.

ಬೀಜ ಹಾಕಿ 25-30 ದಿನಕ್ಕೆ ಸಸಿಯಲ್ಲಿ ನಾಲ್ಕೈದು ಎಲೆ ಬರುತ್ತದೆ. ಸಂಜೆ ಹೊತ್ತು, ಒಂದೂವರೆ ಅಡಿಗೆ ಒಂದರಂತೆ ನೆಡಿ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ ಬರುವುದುಂಟು. ಸಾಲನ್ನು ಏರಿಯ ಮೇಲೆ ಮಾಡಿದರೆ ನೀರು ನಿಲ್ಲುವುದಿಲ್ಲ. ಜಾಗ ಇಲ್ಲದವರು ತಾರಸಿಯಲ್ಲಿ ಗ್ರೋಬ್ಯಾಗಿಗೆ ಒಂದು ಗಿಡದಂತೆ ನೆಡಬಹುದು. ನೆಟ್ಟ ಮೂರನೇ ವಾರ ಒಮ್ಮೆ, ಆರನೇ ವಾರ ಒಮ್ಮೆ ನೆಲಗಡಲೆ ಹಿಂಡಿ ನೆನೆಸಿದ ನೀರನ್ನೋ ಸ್ಲರಿಯನ್ನೋ ತೆಳುಮಾಡಿ ಬುಡಕ್ಕೆ ಕೊಡಿ.

ಕೊಯ್ಲಿನ ಹೊತ್ತನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗಿಡದ ನಡುವಿನ ಎಲೆಗಳು ಒಳಕ್ಕೆ ಬಾಗಿ ಮುಚ್ಚಿಕೊಂಡಾಗ ಅವನ್ನು ಬೆರಳಿನಿಂದ ಸರಿಸಿದರೆ ತಳದಲ್ಲಿ ನಾಣ್ಯದಗಲದ ಹಸಿರು ಗಂಟು ಕಾಣುತ್ತದೆ. ಅಲ್ಲಿಂದ ಮುಂದೆ ದಿನವೂ ನೋಡಬೇಕು. ಗೊಂಚಲಿನ ಅಂಚಿನಲ್ಲಿರುವ ಮೊಗ್ಗುಗಳು ಮೊದಲು ದಪ್ಪವಾಗುತ್ತವೆ. ಮೇಲೆ ಹೆಬ್ಬೆರಳು ಒತ್ತಿದಾಗ ಗಟ್ಟಿಯಾಗಿದ್ದು, ಅಂಚಿನ ಮೊಗ್ಗುಗಳು ಬಿಡಿಬಿಡಿಯಾಗಿ ಕಾಣತೊಡಗಿದರೆ ಅದೇ ಕೊಯ್ಯುವ ದಿನ. ಒಂದು ಮೊಗ್ಗಿನ ತುದಿ ಹಳದಿಯಾದರೂ ಇನ್ನು ಕಾಯಬಾರದು. ಬೆಳಗ್ಗೆ ಬಿಸಿಲೇರುವ ಮೊದಲು ನಾಲ್ಕೈದು ಇಂಚು ದಂಟು ಸೇರಿಸಿ ಓರೆಯಾಗಿ ಕತ್ತರಿಸಿ. ಗಿಡವನ್ನು ಕಿತ್ತುಹಾಕಬೇಡಿ. ಎಲೆಯ ಕಂಕುಳಿನಿಂದ ಸಣ್ಣ ಸಣ್ಣ ಗೊಂಚಲುಗಳು ಮತ್ತೆ ಬರುತ್ತವೆ. ದಂಟನ್ನು ಸಿಪ್ಪೆ ತೆಗೆದು ಪಲ್ಯ ಮಾಡಬಹುದು.

ಹುಳದ ವಿಚಾರ. ಎಲೆಯಲ್ಲಿ ಸಣ್ಣ ಕಿಟಕಿಯಂತಹ ತೂತು ಮಾಡುವ ವಜ್ರಬೆನ್ನಿನ ಪತಂಗದ ಹುಳ ಈ ಜಾತಿಯ ಮುಖ್ಯ ಶತ್ರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಎಲೆಕೋಸಿಗೆ ಕಂಡುಕೊಟ್ಟ ಒಂದು ದಾರಿ ಕೈತೋಟಕ್ಕೂ ಸರಿಹೋಗುತ್ತದೆ: ಸಾಲಿನ ಅಂಚಿನಲ್ಲಿ ಸಾಸಿವೆ ಬಿತ್ತುವುದು. ಪತಂಗ ಸಾಸಿವೆಯನ್ನೇ ಮೆಚ್ಚಿ ಅಲ್ಲಿ ಮೊಟ್ಟೆ ಇಡುತ್ತದೆ. ಜೊತೆಗೆ ಲೀಟರ್ ನೀರಿಗೆ 40 ಗ್ರಾಂ ಬೇವಿನ ಬೀಜದ ತಿರುಳನ್ನು ಪುಡಿಮಾಡಿ ರಾತ್ರಿ ನೆನೆಸಿ, ಸೋಸಿ, ಸಂಜೆ ಸಿಂಪಡಿಸಿ. ನವಿಲು ಎಳೆ ಎಲೆಗೆ ಬರುವ ಕಡೆ ಬಲೆ ಹಾಕದೆ ಬೇರೆ ದಾರಿ ಇಲ್ಲ.

ಈಗ ಬೇರಿನ ತರಕಾರಿಗಳಿಗೆ ಬರೋಣ. ಮೂಲಂಗಿ, ಬೀಟ್ರೂಟ್, ಕ್ಯಾರೆಟ್ ಮೂರೂ ಅದೇ ಮೂರು ತಿಂಗಳ ಬೆಳೆಗಳು. ಇವನ್ನು ಕಿತ್ತು ನೆಡುವ ಗೋಜಿಗಿಂತ ನೇರ ಸಾಲಿಗೆ ಬಿತ್ತುವುದೇ ಲೇಸು. ಅದರಲ್ಲೂ ಕ್ಯಾರೆಟನ್ನು ಕಿತ್ತು ನೆಡಲೇಬಾರದು. ಮೊಳಕೆಯೊಡೆದ ಮೊದಲ ಮೂರು-ನಾಲ್ಕು ವಾರಗಳಲ್ಲೇ ತಾಯಿಬೇರು ತನ್ನ ಉದ್ದವನ್ನು ತೀರ್ಮಾನಿಸಿಬಿಡುತ್ತದೆ, ದಪ್ಪವಾಗುವುದು ಆಮೇಲೆ. ಆ ಹೊತ್ತಿನಲ್ಲಿ ಬೇರಿನ ತುದಿಗೆ ಮುರಕಲ್ಲಿನ ಹರಳೋ ಹಸಿ ಸೆಗಣಿಯ ಮುದ್ದೆಯೋ ಸಿಕ್ಕಿದರೆ ತುದಿ ಸಾಯುತ್ತದೆ, ಪಕ್ಕದ ಬೇರುಗಳು ದಪ್ಪವಾಗಿ ಗಡ್ಡೆ ಎರಡು-ಮೂರು ಕವಲಾಗುತ್ತದೆ. ಆದ್ದರಿಂದ ಹಾರೆಯಿಂದ ಒಂದಡಿ ಆಳ ಸಡಿಲಿಸಿ, ಕಲ್ಲು ಆರಿಸಿ, ಮರಳನ್ನೋ ತೆಂಗಿನ ನಾರಿನ ಹುಡಿಯನ್ನೋ ಬೆರೆಸಿ ಎತ್ತರದ ಮಡಿ ಮಾಡಿ. ಗೊಬ್ಬರ ಪೂರ್ತಿ ಕಳಿತು ಹುಡಿಯಾಗಿರಬೇಕು.

ಕ್ಯಾರೆಟ್ ಬೀಜ ಮೊಳೆಯಲು ಹತ್ತು-ಹದಿನೈದು ದಿನ ಬೇಕು. ಅಷ್ಟು ದಿನವೂ ಮೇಲ್ಮಣ್ಣು ಒಣಗಬಾರದು, ಒದ್ದೆ ಗೋಣಿ ಹಾಸಿ ಮೊಳಕೆ ಕಂಡ ದಿನವೇ ತೆಗೆಯಿರಿ. ಬೀಟ್ರೂಟಿನ ಒಂದೊಂದು ಬೀಜವೂ ಹಲವು ಬೀಜಗಳ ಒಂದು ಗಂಟು; ಒಂದೇ ಕಡೆ ಎರಡು-ಮೂರು ಸಸಿ ಏಳುತ್ತವೆ. ಬೆರಳುದ್ದ ಬೆಳೆದ ಮೇಲೆ ಒಂದನ್ನು ಬಿಟ್ಟು ಉಳಿದದ್ದನ್ನು ಚಿವುಟಿ, ಎಳೆ ಸೊಪ್ಪು ಅಡುಗೆಗಾಗುತ್ತದೆ. ಹೀಗೆ ಬಿಡಿಸುವುದಕ್ಕೆ ಅನೇಕರಿಗೆ ಮನಸ್ಸು ಬರುವುದಿಲ್ಲ. ಆದರೆ ಒತ್ತಾಗಿ ಬಿಟ್ಟ ಸಾಲಿನಲ್ಲಿ ಸೊಪ್ಪು ಸಿಗುತ್ತದೆ, ಗಡ್ಡೆ ಸಿಗುವುದಿಲ್ಲ. ಮೂಲಂಗಿ ಎಲ್ಲಕ್ಕಿಂತ ಸುಲಭ. ಹೆಸರಘಟ್ಟದ ‘ಅರ್ಕಾ ನಿಶಾಂತ್’ ಐವತ್ತು ದಿನದ ಆಸುಪಾಸಿನಲ್ಲಿ ಬರುತ್ತದೆ, ಬೇಗ ಬೆಂಡಾಗುವುದಿಲ್ಲ. ನೀರು ಒಂದು ದಿನ ಕೊಟ್ಟು ನಾಲ್ಕು ದಿನ ಮರೆತರೆ ಗಡ್ಡೆ ಬಿರಿಯುತ್ತದೆ, ಖಾರವೂ ಏರುತ್ತದೆ.

ಮಾಯಿ ತಿಂಗಳ ಬಿಸಿಲಿಗೆ ಈ ಮಡಿಗಳು ಖಾಲಿಯಾಗುತ್ತವೆ. ನಮ್ಮ ನೆಲದ ಸ್ವಂತ ಗಡ್ಡೆಗಳ ಸರದಿ ಆಗ ಶುರುವಾಗುತ್ತದೆ. ಮಾಯಿಯ ಮುಂದಿನ ಸುಗ್ಗಿ, ಪಗ್ಗು ತಿಂಗಳುಗಳಲ್ಲಿ ಎರಡಡಿ ಅಗಲದ ಗುಂಡಿ ತೋಡಿ, ತರಗೆಲೆ, ಬೂದಿ, ಹಟ್ಟಿಗೊಬ್ಬರ ತುಂಬಿ ಸುವರ್ಣಗಡ್ಡೆ ಕೂರಿಸಬೇಕು. ತುಳುವಿನಲ್ಲಿ ಕೇನೆ ಎನ್ನುವುದು ಇದನ್ನೇ. ಗಡ್ಡೆಯನ್ನು ಹೋಳು ಮಾಡುವಾಗ ನಡುವಿನ ಮೊಳಕೆಯ ಕಣ್ಣಿನ ಒಂದು ಪಾಲು ಪ್ರತಿ ಹೋಳಿಗೂ ಬರುವಂತೆ ಮೇಲಿನಿಂದ ಕೆಳಕ್ಕೆ ಸೀಳಿ. ಅರ್ಧದಿಂದ ಒಂದು ಕಿಲೋ ತೂಕದ ಹೋಳನ್ನು ಸೆಗಣಿ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ ನೆಡಿ. ಎಂಟು-ಒಂಬತ್ತು ತಿಂಗಳಿಗೆ ದಂಟು ಹಳದಿಯಾಗಿ ಮಲಗಿದಾಗ ಅಗೆಯಬಹುದು. ಬಾಯಿ ತುರಿಸುವುದು ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿಂದ. ‘ಗಜೇಂದ್ರ’ ಎಂಬ ತಳಿಯಲ್ಲಿ ತುರಿಕೆ ಬಹಳ ಕಡಿಮೆ.

ಮಳೆಗಾಲಕ್ಕೆ ಕೆಸು ಇದೆ, ಆಟಿಯಲ್ಲಿ ಪತ್ರೊಡೆಗೆ ಅದರ ಎಲೆಯೂ ಬೇಕು. ಏಣೇಲು ಭತ್ತ ಕೊಯ್ಲಾದ ಗದ್ದೆಯಲ್ಲಿ ಅಥವಾ ಹಿತ್ತಿಲಿನ ಏರಿಯಲ್ಲಿ ಗೆಣಸಿನ ಬಳ್ಳಿ ನೆಡಬಹುದು. ಸಾಂಬ್ರಾಣಿ ಗಡ್ಡೆಯ ಬಳ್ಳಿಯನ್ನು ಆಟಿ, ಸೋಣದಲ್ಲಿ ಊರಿದರೆ ಹಗಲು ಕಿರಿದಾಗುವ ತಿಂಗಳುಗಳಲ್ಲಿ ಗಡ್ಡೆ ಕಟ್ಟಿ ಪೆರಾರ್ದೆಗೆ ಅಗೆಯಲು ಸಿಗುತ್ತದೆ. ಬ್ರೊಕೋಲಿ ರಾತ್ರಿಯ ತಂಪನ್ನು ಗಮನಿಸುವ ಹಾಗೆ ಈ ಬಳ್ಳಿ ಹಗಲಿನ ಉದ್ದವನ್ನು ಗಮನಿಸುತ್ತದೆ. ಕಾಡುಹಂದಿ, ಮುಳ್ಳುಹಂದಿ ಬರುವ ಕಡೆ ಗಡ್ಡೆಗಳನ್ನು ಮನೆಯ ಹತ್ತಿರದ ಸಾಲಿನಲ್ಲೇ ಇಡುವುದು ಕ್ಷೇಮ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಹೈಬ್ರಿಡ್ ಬ್ರೊಕೋಲಿಯ ಬೀಜವನ್ನು ಪ್ರತಿವರ್ಷ ಹಣ ಕೊಟ್ಟೇ ತರಬೇಕು. ಕಿತ್ತಳೆ ಬಣ್ಣದ ಕ್ಯಾರೆಟ್ ನಮ್ಮ ಸೆಕೆಯಲ್ಲಿ ಹೂ ಬಿಟ್ಟು ಬೀಜ ಕಟ್ಟುವುದಿಲ್ಲ, ಅದಕ್ಕೆ ವಾರಗಟ್ಟಲೆ ಕಡುಚಳಿ ಬೇಕು. ಸುವರ್ಣಗಡ್ಡೆ, ಕೆಸು, ಸಾಂಬ್ರಾಣಿ, ತೂಣಗೆಣಸುಗಳ ಬೀಜ ಮಾತ್ರ ನಮ್ಮ ಹಿತ್ತಿಲಲ್ಲೇ ಇರುತ್ತದೆ, ನಾವು ನೆಡುವ ತನಕ. ಒಂದೆರಡು ವರ್ಷ ನೆಡದೇ ಬಿಟ್ಟರೆ ಆ ಮನೆಯ ತಳಿ ಅಲ್ಲಿಗೆ ಮುಗಿಯಿತು. ಜೋಯಿಡಾದ ಕುಣಬಿ ಸಮುದಾಯದವರು ತಮ್ಮ ಗಡ್ಡೆ ಗೆಣಸುಗಳಿಗೆ ಮೇಳವನ್ನೇ ನಡೆಸಿ, ತಳಿ ಕೈಯಿಂದ ಕೈಗೆ ದಾಟುವಂತೆ ನೋಡಿಕೊಂಡಿದ್ದಾರೆ. ನಮಗೆ ಮೇಳ ಕೂಡಿಬರುವ ತನಕ ಕಾಯಬೇಕಾಗಿಲ್ಲ. ಜನವರಿಯಲ್ಲಿ ಕೇನೆ ಅಗೆದಾಗ ಅಡುಗೆಗೆ ಒಂದು ಪಾಲು, ನೆಡಲು ಒಂದು ಪಾಲು, ನೆರೆಮನೆಗೆ ಒಂದು ಪಾಲು ಎಂದು ತೆಗೆದಿಡಿ. ಬ್ರೊಕೋಲಿ ಬೆಳೆದ ಉತ್ಸಾಹದಲ್ಲಿ ಈ ಮೂರನೆಯ ಪಾಲು ತಪ್ಪದಿರಲಿ. ನಿಮ್ಮ ಹಿತ್ತಿಲಿನ ತಳಿ ಎಂದಾದರೂ ಕೈತಪ್ಪಿದರೆ, ಮರಳಿ ಕೇಳಿ ತರಲು ಒಂದು ಮನೆ ಇರುತ್ತದೆ.