ಧ್ವನಿಪಾಠಗಳಲ್ಲಿ ಲೋ-ಕಟ್ ಫಿಲ್ಟರಿನ ಬಳಕೆ



ಗಡಿನಾಡಿನ ಕನ್ನಡ ಶಾಲೆಯ ಮಗುವಿಗೆ ತರಗತಿಯ ಹೊರಗೆ ಗ್ರಂಥಸ್ಥ ಕನ್ನಡ ಕಿವಿಗೆ ಬೀಳುವ ಸಂದರ್ಭಗಳು ವಿರಳ. ಆದುದರಿಂದ ಅಧ್ಯಾಪಕರು ಮೊಬೈಲಿನಲ್ಲಿ ಧ್ವನಿಮುದ್ರಿಸುವ ಪದ್ಯವಾಚನಕ್ಕೂ ಊರಿನ ಹಿರಿಯರಿಂದ ಸಂಗ್ರಹಿಸುವ ಹಾಡು-ಕಥೆಗಳಿಗೂ ಇಲ್ಲಿ ಪಠ್ಯಪುಸ್ತಕದಷ್ಟೇ ಬೆಲೆಯಿದೆ. ‘ಸಾಲು’ ಯಾವುದು, ‘ಶಾಲು’ ಯಾವುದು ಎಂಬುದು ಅದರಲ್ಲಿ ಕೇಳಿಸದೆ ಹೋದರೆ ಮಗು ತಪ್ಪನ್ನೇ ಕಲಿಯುತ್ತದೆ.

ಧ್ವನಿಮುದ್ರಣ ಕೆಡುವ ಒಂದು ಸಾಮಾನ್ಯ ಬಗೆಯನ್ನು ಗಮನಿಸಬೇಕು. ಮೊಬೈಲನ್ನು ಮೇಜಿನ ಮೇಲಿಟ್ಟು ಪಾಠ ಓದಲಾಗುತ್ತದೆ. ಮೇಲೆ ಫ್ಯಾನು ತಿರುಗುತ್ತಿರುತ್ತದೆ, ಹೊರಗೆ ಲಾರಿ ಸಾಗುತ್ತದೆ. ಮರಳಿ ಕೇಳಿದಾಗ ಎಲ್ಲವೂ ಸರಿಯಾಗಿಯೇ ಇದೆ ಎನಿಸುತ್ತದೆ, ಏಕೆಂದರೆ ಮೊಬೈಲಿನ ಪುಟ್ಟ ಸ್ಪೀಕರಿಗೆ ತಗ್ಗಿನ ಸದ್ದನ್ನು ಹೊರಡಿಸುವ ಶಕ್ತಿಯೇ ಇಲ್ಲ. ಅದನ್ನೇ ತರಗತಿಯ ದೊಡ್ಡ ಸ್ಪೀಕರಿನಲ್ಲಿ ಹಾಕಿದೊಡನೆ ಗುಂಯ್ ಎಂಬ ಮೊರೆತ ಮಾತನ್ನು ಮುಸುಕುತ್ತದೆ. ಪರೀಕ್ಷಿಸಿ ನೋಡಲು ಒಳ್ಳೆಯ ಹೆಡ್‌ಫೋನ್ ಬೇಕು.

ಇಂತಹ ಮೊರೆತದ ಹೆಚ್ಚಿನ ಪಾಲು 80 ಹರ್ಟ್ಸ್‌ಗಿಂತ ಕೆಳಗೆ, ಅಂದರೆ ಸೆಕೆಂಡಿಗೆ 80ಕ್ಕಿಂತ ಕಡಿಮೆ ಕಂಪನಗಳಲ್ಲಿ ಇರುತ್ತದೆ. ಮಾತು ಅದಕ್ಕಿಂತ ಮೇಲಿನದು. ವಯಸ್ಕ ಪುರುಷರ ಧ್ವನಿಯ ಮೂಲ ಕಂಪನ ಸುಮಾರು 85ರಿಂದ 180 ಹರ್ಟ್ಸ್, ಸ್ತ್ರೀಯರದು 165ರಿಂದ 255, ಚಿಕ್ಕ ಮಕ್ಕಳದು ಇನ್ನೂ ಹೆಚ್ಚು. ಶ, ಷ, ಸಗಳ ಭೇದವನ್ನು ತಿಳಿಸುವ ಅಂಶವಂತೂ ಸಾವಿರಾರು ಹರ್ಟ್ಸ್‌ಗಳ ಎತ್ತರದಲ್ಲಿದೆ. ಈ ಅಂತರವೇ ಲೋ-ಕಟ್ ಫಿಲ್ಟರಿಗೆ ಆಧಾರ: ನಿಗದಿಪಡಿಸಿದ ಗೆರೆಯ ಕೆಳಗಿನದನ್ನು ಅದು ತಗ್ಗಿಸುತ್ತದೆ, ಮೇಲಿನದನ್ನು ಹಾಗೆಯೇ ಬಿಡುತ್ತದೆ.

ಉಚಿತವಾಗಿ ದೊರೆಯುವ ಆಡಾಸಿಟಿ ತಂತ್ರಾಂಶದಲ್ಲಿ ಇದು ‘ಹೈ-ಪಾಸ್ ಫಿಲ್ಟರ್’ ಎಂಬ ಹೆಸರಿನಲ್ಲಿದೆ. ಕೆಳಗಿನದನ್ನು ಕತ್ತರಿಸುವುದೆಂದರೂ ಮೇಲಿನದನ್ನು ಹಾಯಗೊಡುವುದೆಂದರೂ ಕೆಲಸ ಒಂದೇ; ಹೆಸರಿನಿಂದ ಗಲಿಬಿಲಿಗೊಳ್ಳಬೇಕಿಲ್ಲ. ಪುರುಷ ಧ್ವನಿಗೆ 80, ಸ್ತ್ರೀ ಧ್ವನಿಗೆ 100ರಿಂದ 120 ಹರ್ಟ್ಸ್ ಆರಿಸಿ, ಇಳಿಜಾರನ್ನು ಆಕ್ಟೇವಿಗೆ 12 ಡೆಸಿಬೆಲ್‌ಗೆ ಇರಿಸುವುದು ಒಳ್ಳೆಯ ಆರಂಭ. 80ಕ್ಕೆ ಇರಿಸಿದಾಗ 40 ಹರ್ಟ್ಸ್‌ನ ಸದ್ದು ಸುಮಾರು 12 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಧ್ವನಿಯನ್ನು ಏರಿಸುವ ಮೊದಲೇ ಇದನ್ನು ಮಾಡಬೇಕು. ಇಲ್ಲವಾದರೆ ಮಾತಿನೊಡನೆ ಮೊರೆತವೂ ಏರುತ್ತದೆ. ಉತ್ಸಾಹದಿಂದ 300ರವರೆಗೆ ಹೋದರೆ ಮಾತು ಅರ್ಥವಾಗುತ್ತದೆ, ಆದರೆ ಹಳೆಯ ಟೆಲಿಫೋನಿನಲ್ಲಿ ಕೇಳಿದಂತೆ ತೆಳ್ಳಗಾಗುತ್ತದೆ. ಅಂತಹ ಧ್ವನಿಯನ್ನು ಮಗು ಬಹಳ ಹೊತ್ತು ಕೇಳಲಾರದು.

ಪ, ಫ, ಭಗಳನ್ನು ಉಚ್ಚರಿಸುವಾಗ ಉಸಿರು ನೇರವಾಗಿ ಮೈಕಿಗೆ ಬಡಿದು ‘ಧಬ್’ ಎನ್ನುವುದುಂಟು. ಮಹಾಪ್ರಾಣವನ್ನು ಎಚ್ಚರದಿಂದ ಉಚ್ಚರಿಸುವ ಅಧ್ಯಾಪಕರಿಗೇ ಈ ತೊಂದರೆ ಹೆಚ್ಚು! ಫಿಲ್ಟರು ಆ ಬಡಿತವನ್ನು ಮೆತ್ತಗಾಗಿಸುತ್ತದೆ. ಆದರೆ ಧ್ವನಿ ಮಿತಿಮೀರಿ ಒಡೆದುಹೋಗಿದ್ದರೆ ಅದನ್ನು ಜೋಡಿಸಲಾರದು. ಮೊಬೈಲನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಪಕ್ಕಕ್ಕೆ, ಮಡಿಸಿದ ಬಟ್ಟೆಯ ಮೇಲೆ ಇಡುವುದೇ ಮೇಲು.

ತಗಡಿನ ಮಾಡಿನ ಮೇಲೆ ಸುರಿಯುವ ಕಾಸರಗೋಡಿನ ಮಳೆಗೂ ಸೊಲ್ಲಾಪುರದ ಮಗ್ಗಗಳ ಸದ್ದಿಗೂ ಇದು ಮದ್ದಲ್ಲ. ಅವು ಮಾತಿನ ಎತ್ತರದಲ್ಲಿಯೇ ಹರಡಿಕೊಂಡಿರುತ್ತವೆ. ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗಾಟಕ್ಕೂ 100, 150ರ ಜೊತೆಗಾರರಿರುವುದರಿಂದ ಅದು ಅರ್ಧವಷ್ಟೇ ಅಡಗೀತು.

ಹಿರಿಯರ ಹಾಡಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಡೊಳ್ಳಿನ ಜೀವ ಇರುವುದೇ ತಗ್ಗಿನ ನಾದದಲ್ಲಿ. ಅದನ್ನು ಗದ್ದಲವೆಂದು ಬಗೆದು ಕತ್ತರಿಸಿದರೆ ಉಳಿಯುವುದು ಬರಿಯ ತಟತಟ. ಹಾಡಿದವರು ಇನ್ನೊಮ್ಮೆ ಸಿಗದಿರಬಹುದು. ಆದಕಾರಣ ಮೂಲ ಕಡತಕ್ಕೆ ಊರು, ದಿನಾಂಕ, ‘ಮೂಲ’ ಎಂಬ ಗುರುತು ಸೇರಿಸಿ ಮುಟ್ಟದೆ ತೆಗೆದಿರಿಸಬೇಕು. ಫಿಲ್ಟರಿನ ಪ್ರಯೋಗವೆಲ್ಲ ಅದರ ಪ್ರತಿಯ ಮೇಲೆ ನಡೆಯಲಿ.