ಹಬೆಯ ಹಿಂದಿನ ವಿಜ್ಞಾನ



ನೆಗಡಿಯಾಗಿ ಮೂಗು ಕಟ್ಟಿದಾಗ, ಕುದಿಯುವ ನೀರಿಗೆ ನೀಲಗಿರಿ ಎಲೆಯನ್ನೋ ತುಳಸಿಯನ್ನೋ ಹಾಕಿ, ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ಈಗ ಅನೇಕ ಮನೆಗಳಲ್ಲಿ ಆ ಪಾತ್ರೆಯ ಜಾಗಕ್ಕೆ ಮೇಜಿನ ಮೇಲಿಡುವ ವಿದ್ಯುತ್ ವೇಪರೈಸರ್ ಬಂದಿದೆ. "ಇದು ಸರಿಯಾಗಿ ಕಾಯುವುದೇ ಇಲ್ಲ, ಹಬೆ ಸಾಲದು" ಎಂಬ ದೂರನ್ನೂ ನೀವು ಕೇಳಿರಬಹುದು. ಇದಕ್ಕೆ ಉತ್ತರ ನಿಮ್ಮ ಪಠ್ಯಪುಸ್ತಕದ ಭೌತಶಾಸ್ತ್ರದಲ್ಲಿಯೇ ಇದೆ.

ಮೊದಲು ಉಷ್ಣತೆಯನ್ನು ನೋಡೋಣ. ತೆರೆದ ಪಾತ್ರೆಯ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುದಿ ಬಂದ ಮೇಲೆ ಎಷ್ಟೇ ಶಾಖ ಕೊಟ್ಟರೂ ನೀರಿನ ಉಷ್ಣತೆ ಏರುವುದಿಲ್ಲ. ಹಬೆಯ ಪ್ರಮಾಣ ಮಾತ್ರ ಹೆಚ್ಚುತ್ತದೆ. ಹಾಗಾದರೆ ಎಲೆಯ ಔಷಧೀಯ ಎಣ್ಣೆ ಹೊರಬರಲು ಇಷ್ಟು ಶಾಖ ಸಾಕೇ? ನೀಲಗಿರಿ ಎಣ್ಣೆಯ ಮುಖ್ಯ ಅಂಶವಾದ ಸಿನಿಯೋಲ್ ಕುದಿಯುವುದು ಸುಮಾರು 176 ಡಿಗ್ರಿಯಲ್ಲಿ. ಆದರೆ ನೀರಿನೊಡನೆ ಬೆರೆಯದ ಇಂತಹ ಎಣ್ಣೆ, ನೀರಿನ ಹಬೆಯ ಜೊತೆಗೂಡಿ 100 ಡಿಗ್ರಿಗಿಂತ ಕೆಳಗೇ ಆವಿಯಾಗಿ ಹೊರಡುತ್ತದೆ. ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ಆರಂಭವಾದ ಶ್ರೀಗಂಧದ ಎಣ್ಣೆಯ ಉದ್ಯಮಕ್ಕೂ ಇದೇ ತತ್ತ್ವವೇ ಆಧಾರ. ಆದ್ದರಿಂದ ನಮಗೆ ಬೇಕಾದದ್ದು ಹೆಚ್ಚು ಬಿಸಿಯಲ್ಲ, ಸರಾಗವಾದ ಹಬೆ.

ಅದನ್ನು ಪಡೆಯುವುದು ಹೇಗೆ? ಈ ಉಪಕರಣಗಳಲ್ಲಿ ಎರಡು ಬಗೆ. ಒಂದರಲ್ಲಿ ಕಾಯುವ ಸುರುಳಿಯಿರುತ್ತದೆ. ಅದರ ಸಾಮರ್ಥ್ಯ 400 ವ್ಯಾಟ್ ಎನ್ನೋಣ. ನಷ್ಟವನ್ನು ಬಿಟ್ಟರೆ, 25 ಡಿಗ್ರಿಯ 100 ಮಿಲಿಲೀಟರ್ ನೀರು ಬೆಂಗಳೂರಿನಲ್ಲಿ ಸುಮಾರು 75 ಸೆಕೆಂಡಿನಲ್ಲಿ ಕುದಿಯುತ್ತದೆ. 300 ಮಿಲಿಲೀಟರಿಗೆ ಮೂರು ಪಟ್ಟು ಹೊತ್ತು ಬೇಕು. ಕನಿಷ್ಠ ಗುರುತಿಗಿಂತ ಕಡಿಮೆಯಾಗದಂತೆ, ಅಗತ್ಯವಿದ್ದಷ್ಟೇ ನೀರು ಹಾಕಿರಿ.

ಇನ್ನೊಂದು ಬಗೆಯಲ್ಲಿ ಸುರುಳಿಯಿಲ್ಲ. ಎರಡು ವಿದ್ಯುದ್ವಾರಗಳ ನಡುವೆ ನೀರಿನ ಮೂಲಕವೇ ವಿದ್ಯುತ್ ಹರಿದು ನೀರು ಕಾಯುತ್ತದೆ. ಶುದ್ಧ ನೀರು ದುರ್ಬಲ ವಾಹಕ. ಮಳೆನೀರನ್ನೋ ಆರ್.ಓ. ನೀರನ್ನೋ ಹಾಕಿದರೆ ಇದು ಮಂಕಾಗುವುದು ಅದಕ್ಕೇ. ನಲ್ಲಿಯ ನೀರಿನಲ್ಲಿ ಕರಗಿದ ಲವಣಗಳು ಸಾಮಾನ್ಯವಾಗಿ ಸಾಕು. ಕೈಪಿಡಿಯಲ್ಲಿ ಹೇಳಿದ್ದರೆ ಮಾತ್ರ ಚಿಟಿಕೆ ಉಪ್ಪು ಹಾಕಬಹುದು. ಉಪ್ಪು ಹೆಚ್ಚಾದರೆ ವಿದ್ಯುತ್ ಪ್ರವಾಹ ಮಿತಿಮೀರಿ ಫ್ಯೂಸ್ ಹೋಗಬಹುದು. ನೆನಪಿಡಿ, ಇಲ್ಲಿ ನೀರೇ ವಿದ್ಯುತ್ತಿನ ದಾರಿ. ಪ್ಲಗ್ ತೆಗೆಯದೆ ಮುಚ್ಚಳ ತೆರೆಯುವುದಾಗಲಿ, ನೀರನ್ನು ಮುಟ್ಟುವುದಾಗಲಿ ಪ್ರಾಣಾಪಾಯಕ್ಕೆ ಆಹ್ವಾನ.

ಬೋರ್‌ವೆಲ್ಲಿನ ಗಡಸು ನೀರು ಬಳಸುವ ಮನೆಗಳಲ್ಲಿ ಬಿಳಿಯ ಸುಣ್ಣದ ಪೊರೆ ಕಟ್ಟಿಕೊಂಡು ಶಾಖವನ್ನು ತಡೆಯುತ್ತದೆ. ಪ್ಲಗ್ ತೆಗೆದು, ತಣಿದ ಮೇಲೆ, ನಿಂಬೆರಸ ಬೆರೆಸಿದ ನೀರನ್ನು ಸ್ವಲ್ಪ ಹೊತ್ತು ತುಂಬಿಟ್ಟರೆ ಆ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುತ್ತದೆ. ಎಲೆಗಳನ್ನು ನೀರಿಗೇ ಹಾಕದೆ, ಹಬೆ ಹಾಯುವ ಮೇಲಿನ ಬಟ್ಟಲಿದ್ದರೆ ಅದರಲ್ಲಿಡಿ. ಇಲ್ಲವಾದರೆ ಎಲೆಯ ಚೂರುಗಳು ಒಳಗೆ ಅಂಟಿ ಹಬೆಯ ದಾರಿಯನ್ನು ಕಟ್ಟುತ್ತವೆ.

ಕೊನೆಯದಾಗಿ ಒಂದು ಲೆಕ್ಕ. 100 ಡಿಗ್ರಿಯ ಒಂದು ಗ್ರಾಂ ನೀರು ಚರ್ಮದ ಮೇಲೆ ಬಿದ್ದು 37 ಡಿಗ್ರಿಗೆ ಇಳಿಯುವಾಗ 63 ಕ್ಯಾಲೊರಿ ಶಾಖ ಕೊಡುತ್ತದೆ. ಒಂದು ಗ್ರಾಂ ಹಬೆಯಾದರೋ ಗುಪ್ತೋಷ್ಣದ 540 ಕ್ಯಾಲೊರಿಯನ್ನೂ ಸೇರಿಸಿ 603 ಕ್ಯಾಲೊರಿ ಕೊಡುತ್ತದೆ. ಅಂದರೆ ಒಂಬತ್ತು ಪಟ್ಟಿಗೂ ಹೆಚ್ಚು! 2020ರಲ್ಲಿ ಕೋವಿಡ್ ಭಯದಿಂದ ಹಬೆ ತೆಗೆದುಕೊಳ್ಳುವುದು ಹೆಚ್ಚಾದಾಗ, ಸುಟ್ಟಗಾಯಗಳಾಗಿ ಬಂದ ಮಕ್ಕಳ ಸಂಖ್ಯೆ ಏರಿದ್ದನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವೈದ್ಯರು ವರದಿ ಮಾಡಿದರು. ಹಬೆ ಕಟ್ಟಿದ ಮೂಗಿಗೆ ತುಸು ಹಿತ ನೀಡಬಹುದು, ವೈರಸ್ಸನ್ನು ಕೊಲ್ಲುವುದಿಲ್ಲ. ಆದ್ದರಿಂದ ಉಪಕರಣವನ್ನು ಸಮತಟ್ಟಾದ ಜಾಗದಲ್ಲಿಡಿ, ಮುಖವನ್ನು ದೂರವಿರಿಸಿ, ಚಿಕ್ಕ ತಮ್ಮ ತಂಗಿಯರನ್ನು ಹತ್ತಿರ ಬಿಡಬೇಡಿ. ಸುಟ್ಟರೆ ತಕ್ಷಣ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿದು, ವೈದ್ಯರಿಗೆ ತೋರಿಸಿ.

ಇಂದು ಮನೆಗೆ ಹೋದೊಡನೆ ನಿಮ್ಮ ವೇಪರೈಸರ್ ಯಾವ ಬಗೆಯದೆಂದು ಗುರುತಿಸಿ, ಮನೆಯವರಿಗೂ ತಿಳಿಸಿರಿ.